ವಾಹನದ ಕ್ಯಾಮೆರಾಕ್ಕೆ ವಿದ್ಯುತ್ತು ಎಲ್ಲಿಂದ, ಎಷ್ಟು, ಹೇಗೆ?



ಕಳೆದ ಸರ್ವಸದಸ್ಯರ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಸಂಘದ ಪಿಕಪ್ಪಿಗೆ ಕ್ಯಾಮೆರಾ ಹಾಕಿಸಿದ್ದೀರಿ. ಬಿಲ್ಲು ಜಮಾಖರ್ಚಿನಲ್ಲಿದೆ. ಅಪಘಾತವಾದ ದಿನದ ಚಿತ್ರ ಎಲ್ಲಿ, ಕಾರ್ಯದರ್ಶಿಗಳೇ?" ಅಂದು ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. "ಪರಿಶೀಲಿಸಿ ತಿಳಿಸುತ್ತೇವೆ" ಎಂದು ಹೇಳಿ ಕುಳಿತೆವು. ಪರಿಶೀಲಿಸಿದ್ದಾಗಿದೆ. ಈ ಲೇಖನವೇ ಆ ಉತ್ತರ. ಈಚಿನ ಎರಡು ಮೂರು ವರ್ಷಗಳಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ತಮ್ಮ ಕಾರು, ಜೀಪುಗಳಿಗೆ ಡ್ಯಾಶ್ ಕ್ಯಾಮೆರಾ ಹಾಕಿಸಿಕೊಂಡಿರುವುದರಿಂದ ಇದು ಸಂಘದ ಒಂದು ವಾಹನದ ವಿಷಯ ಮಾತ್ರವಲ್ಲ, ಎಲ್ಲರಿಗೂ ಉಪಯೋಗವಾಗುವ ವಿಷಯವೆಂದು ಭಾವಿಸಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ನಡೆದ ಸಂಗತಿ

ಅದು ಅಡಿಕೆ ಸುಗ್ಗಿಯ ಕಾಲ. ಸಂಘದ ಪಿಕಪ್ಪು ಸದಸ್ಯರ ಮೂಟೆಗಳನ್ನು ಹೇರಿಕೊಂಡು ಶಿವಮೊಗ್ಗದ ಕಡೆ ಹೊರಟಿತ್ತು. ದಾರಿಯ ಒಂದು ತಿರುವಿನಲ್ಲಿ ಎದುರಿನಿಂದ ಬಂದ ದ್ವಿಚಕ್ರ ವಾಹನ ಪಿಕಪ್ಪಿನ ಬಲಬದಿಗೆ ತಗುಲಿ, ಸವಾರರು ಬಿದ್ದು ಕಾಲು ಮುರಿದುಕೊಂಡರು. ನಮ್ಮ ಚಾಲಕ ಫೋನು ಮಾಡಿ, "ನಾನು ನನ್ನ ಪಕ್ಕದಲ್ಲೇ ಇದ್ದೆ ಸಾರ್, ಎರಡನೇ ಗೇರಿನಲ್ಲಿ ಬರ್ತಾ ಇದ್ದೆ" ಎಂದ. ನೆರೆದ ಜನ ಪಿಕಪ್ಪಿನದೇ ವೇಗ ಹೆಚ್ಚೆಂದರು. ದೊಡ್ಡ ಗಾಡಿಗೂ ಸಣ್ಣ ಗಾಡಿಗೂ ತಗುಲಿದರೆ ತಪ್ಪು ದೊಡ್ಡ ಗಾಡಿಯದೇ ಎನ್ನುವುದು ರಸ್ತೆಯ ಹಳೆಯ ತೀರ್ಪು. ಚಾಲಕನ ಮೇಲೆ ಮೊಕದ್ದಮೆ ದಾಖಲಾಯಿತು.

ಕ್ಯಾಮೆರಾ ಇದೆಯಲ್ಲ, ಹೆದರಬೇಡ ಎಂದು ನಾವು ಧೈರ್ಯ ಹೇಳಿದೆವು. ಅದರ ಕಾರ್ಡನ್ನು ತೆಗೆದು ಕಂಪ್ಯೂಟರಿಗೆ ಹಾಕಿ ನೋಡಿದರೆ ಕೊನೆಯ ಚಿತ್ರ ಅಪಘಾತಕ್ಕಿಂತ 9 ದಿನ ಹಿಂದಿನದು! ಕಾರಣ ಬಹಳ ಸಣ್ಣದು. ಕ್ಯಾಮೆರಾದ ಪ್ಲಗ್ಗನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿತ್ತು. ತೋಟದ ರಸ್ತೆಗಳ ಕುಲುಕಾಟಕ್ಕೆ ಅದು ಸ್ವಲ್ಪ ಸ್ವಲ್ಪವೇ ಹೊರಕ್ಕೆ ಜರುಗಿ ಸಂಪರ್ಕ ತಪ್ಪಿತ್ತು. ನೋಡುವವರಿಗೆ ಪ್ಲಗ್ಗು ಸ್ವಸ್ಥಾನದಲ್ಲೇ ಇದ್ದಂತೆ ಕಾಣುತ್ತಿತ್ತು. ಈ ಕ್ಯಾಮೆರಾದ ಪರದೆ ಓಡುವಾಗಲೂ ಒಂದೆರಡು ನಿಮಿಷಗಳಲ್ಲಿ ತಾನಾಗಿ ಕಪ್ಪಾಗುವಂಥದ್ದು. ಆದಕಾರಣ ಕಪ್ಪು ಪರದೆ ಕಂಡು ಚಾಲಕನಿಗೂ ಅನುಮಾನ ಬರಲಿಲ್ಲ, ನಮಗೂ ಬರಲಿಲ್ಲ.

ಇಷ್ಟಾದ ಮೇಲೆ ನಾವು ಇನ್ನೊಂದು ತುದಿಗೆ ಹೋದೆವು. ನಮ್ಮ ಸ್ವಂತ ಕಾರಿನಲ್ಲಿ ಸಾಕೆಟ್ಟಿನ ಗೊಡವೆಯೇ ಬೇಡವೆಂದು ಕ್ಯಾಮೆರಾವನ್ನು ನೇರವಾಗಿ ಬ್ಯಾಟರಿಗೆ ಸೇರಿಸಿಬಿಟ್ಟೆವು. ಹಗಲು ರಾತ್ರಿ ಓಡುತ್ತಿರಲಿ ಎಂಬುದು ನಮ್ಮ ಲೆಕ್ಕ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಕಾರು ನಾಲ್ಕು ದಿನ ಶೆಡ್ಡಿನಲ್ಲೇ ನಿಂತಿತ್ತು. ಐದನೆಯ ದಿನ ನಸುಕಿನ 3 ಗಂಟೆಗೆ ಲೈನ್ ಮನೆಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಓಡಿ ಹೋಗಿ ಕೀಲಿ ತಿರುಗಿಸಿದರೆ ಕಟಕಟ ಸದ್ದು ಬಿಟ್ಟು ಬೇರೇನೂ ಇಲ್ಲ. ಹಳೆಯ ಜೀಪಾಗಿದ್ದರೆ ಇಳಿಜಾರಿಗೆ ತಳ್ಳಿ ಹೊಡೆಸಬಹುದಿತ್ತು. ಇದು ಕ್ಲಚ್ ಪೆಡಲ್ ಇಲ್ಲದ ಗಾಡಿ, ತಳ್ಳಿ ಉಪಯೋಗವಿಲ್ಲ. ಪಕ್ಕದ ಎಸ್ಟೇಟಿನಿಂದ ಜೀಪು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ದೇವರ ದಯದಿಂದ ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಆ ಮುಕ್ಕಾಲು ಗಂಟೆಯನ್ನು ನಾವು ಮರೆತಿಲ್ಲ.

ಒಂದು ವಾಹನದಲ್ಲಿ ಕ್ಯಾಮೆರಾಕ್ಕೆ ವಿದ್ಯುತ್ತು ಸಿಗಲಿಲ್ಲ. ಇನ್ನೊಂದರಲ್ಲಿ ಕ್ಯಾಮೆರಾವೇ ವಾಹನದ ವಿದ್ಯುತ್ತನ್ನು ಕುಡಿದುಬಿಟ್ಟಿತು. ಎರಡರಲ್ಲೂ ಕ್ಯಾಮೆರಾದ ದೋಷ ಏನೂ ಇಲ್ಲ. ಕೊಳ್ಳುವಾಗ ನಾವೆಲ್ಲ ಚಿತ್ರದ ಸ್ಪಷ್ಟತೆ ಕೇಳುತ್ತೇವೆ, ಬೆಲೆ ಕೇಳುತ್ತೇವೆ. ವಿದ್ಯುತ್ತು ಎಲ್ಲಿಂದ ಬರುತ್ತದೆಂದು ಕೇಳುವುದಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಕ್ಯಾಮೆರಾಕ್ಕೆ ಬೇಕಾದ ವಿದ್ಯುತ್ತೆಷ್ಟು?

ಕಾರು, ಜೀಪು, ಪಿಕಪ್ಪುಗಳ ಬ್ಯಾಟರಿ 12 ವೋಲ್ಟಿನದು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್. ಹೆಚ್ಚಿನ ಡ್ಯಾಶ್ ಕ್ಯಾಮೆರಾಗಳಿಗೆ ಬೇಕಾದುದು ಮೊಬೈಲ್ ಫೋನಿನಂತೆ 5 ವೋಲ್ಟ್. ಆದ್ದರಿಂದ ನಡುವೆ ವೋಲ್ಟೇಜನ್ನು ಇಳಿಸುವ ಒಂದು ಉಪಕರಣ ಇರಲೇಬೇಕು. ಸಾಕೆಟ್ಟಿಗೆ ಹಾಕುವ ದಪ್ಪ ಪ್ಲಗ್ಗಿನ ಒಳಗೆ ಇರುವುದು ಅದೇ. ಅದನ್ನು ತೆಗೆದು ಬರಿಯ ತಂತಿಯನ್ನು ನೇರ ಬ್ಯಾಟರಿಗೆ ಸೇರಿಸಿದರೆ ಕ್ಯಾಮೆರಾ ಸುಟ್ಟುಹೋಗುತ್ತದೆ.

ಒಂದೇ ಕಣ್ಣಿನ ಸಾಧಾರಣ ಕ್ಯಾಮೆರಾ ಸುಮಾರು 2ರಿಂದ 4 ವ್ಯಾಟ್ ಶಕ್ತಿ ಬಳಸುತ್ತದೆ. ಮುಂದೊಂದು ಹಿಂದೊಂದು ಕಣ್ಣಿದ್ದು, ಜಿಪಿಎಸ್, ವೈಫೈ ಎಲ್ಲ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಒಂದೇ ಕಣ್ಣಿನದು ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಅರ್ಧದಷ್ಟೂ ಅಲ್ಲ. 3 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಬ್ಯಾಟರಿಯಿಂದ ಹರಿಯುವ ಪ್ರವಾಹ ಕಾಲು ಆಂಪೇರ್ ಎಂದಾಗುತ್ತದೆ.

ಎಂಜಿನ್ ಓಡುತ್ತಿರುವಾಗ ಈ ಕಾಲು ಆಂಪೇರಿನ ಚಿಂತೆಯೇ ಬೇಡ. ಆಗ ಆಲ್ಟರ್ನೇಟರ್ 14 ವೋಲ್ಟಿನ ಆಸುಪಾಸಿನಲ್ಲಿ ವಿದ್ಯುತ್ತನ್ನು ಕೊಡುತ್ತಾ ಬ್ಯಾಟರಿಯನ್ನೂ ತುಂಬುತ್ತಿರುತ್ತದೆ. ಎಂಜಿನ್ ನಿಂತ ಮೇಲೆ ಬರುವ ಪ್ರತಿಯೊಂದು ಹನಿಯೂ ಬ್ಯಾಟರಿಯದೇ. ಆದ್ದರಿಂದ ಕ್ಯಾಮೆರಾದ ಸಂಪರ್ಕ ಕೊಡಿಸುವ ಮೊದಲು ಸದಸ್ಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದುದು ಒಂದೇ: ವಾಹನ ನಿಂತಾಗಲೂ ಕ್ಯಾಮೆರಾ ಓಡಬೇಕೇ, ಬೇಡವೇ?

ಒಳಗೇ ಬ್ಯಾಟರಿ ಇದೆಯಲ್ಲ?

ಹಲವರು ಹೀಗೆ ತಿಳಿದಿದ್ದಾರೆ. ಕ್ಯಾಮೆರಾದ ಒಳಗೆ ಸಣ್ಣ ಲಿಥಿಯಂ ಬ್ಯಾಟರಿ ಇಲ್ಲವೇ ಸೂಪರ್ ಕೆಪಾಸಿಟರ್ ಎಂಬ ಬಿಡಿಭಾಗ ಇರುವುದು ನಿಜ. ಅದು ಕ್ಯಾಮೆರಾವನ್ನು ಓಡಿಸುವುದಕ್ಕಲ್ಲ. ವಿದ್ಯುತ್ತು ಥಟ್ಟನೆ ನಿಂತಾಗ ಬರೆಯುತ್ತಿದ್ದ ಕಡತವನ್ನು ಸರಿಯಾಗಿ ಮುಚ್ಚಿಡುವುದಕ್ಕೆ ಮಾತ್ರ. ಕೆಪಾಸಿಟರ್ ಕೆಲವು ಸೆಕೆಂಡು ನಿಂತರೆ, ಸಣ್ಣ ಬ್ಯಾಟರಿ ಕೆಲವು ನಿಮಿಷ ನಿಲ್ಲುತ್ತದೆ. ಜೋರಾದ ಅಪಘಾತದಲ್ಲಿ ವಾಹನದ ವಿದ್ಯುತ್ತೇ ಕಡಿದುಹೋಗಬಹುದು. ಆ ಕೊನೆಯ ಕ್ಷಣದ ಚಿತ್ರ ಉಳಿಯುವುದು ಈ ಸಣ್ಣ ಭಾಗದ ದೆಸೆಯಿಂದ.

ನಮ್ಮ ಸಲಹೆ ಕೆಪಾಸಿಟರ್ ಇರುವ ಕ್ಯಾಮೆರಾವನ್ನೇ ಕೊಳ್ಳಿರಿ ಎಂಬುದು. ಏಪ್ರಿಲ್ ಬಿಸಿಲಿನಲ್ಲಿ ಕಣದ ಬದಿ ನಿಲ್ಲಿಸಿದ ಕಾರಿನ ಮುಂಗಾಜಿನ ಹಿಂದೆ ಕೈ ಇಟ್ಟು ನೋಡಿದರೆ ಕಾರಣ ತಿಳಿಯುತ್ತದೆ. ಆ ಕಾವಿಗೆ ಲಿಥಿಯಂ ಬ್ಯಾಟರಿ ಬೇಗ ಕೆಡುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಕೆಪಾಸಿಟರ್ ಬಿಸಿಗೆ ಹೆಚ್ಚು ತಾಳುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಒಳಗಿನ ಬ್ಯಾಟರಿ ಸತ್ತ ಕೆಲವು ಕ್ಯಾಮೆರಾಗಳಲ್ಲಿ ಗಡಿಯಾರವೂ ತಪ್ಪಿ, ಚಿತ್ರದ ಮೇಲೆ ಎಂದೋ ಹಿಂದಿನ ತಾರೀಖು ಬೀಳುತ್ತದೆ. ತಪ್ಪು ತಾರೀಖಿನ ಚಿತ್ರವನ್ನು ಸಾಕ್ಷಿಯಾಗಿ ತೋರಿಸುವುದು ಕಷ್ಟ.

ವಿದ್ಯುತ್ತು ಕೊಡುವ ಬಗೆಗಳು

1. ಲೈಟರ್ ಸಾಕೆಟ್: ಎಲ್ಲಕ್ಕಿಂತ ಸುಲಭ. ಯಾರ ಸಹಾಯವೂ ಬೇಡ. ಹೆಚ್ಚಿನ ವಾಹನಗಳಲ್ಲಿ ಇದು ಕೀಲಿಯೊಂದಿಗೆ ಹೊತ್ತಿ ಕೀಲಿಯೊಂದಿಗೆ ಆರುತ್ತದೆ. ಕೆಲವು ವಾಹನಗಳಲ್ಲಿ ಮಾತ್ರ ಕೀಲಿ ತೆಗೆದರೂ ಜೀವಂತವಾಗಿರುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಕೀಲಿ ತೆಗೆದು, ಬಾಗಿಲು ಹಾಕಿ, ಕಾಲು ಗಂಟೆ ಬಿಟ್ಟು ಪ್ಲಗ್ಗಿನ ದೀಪ ನೋಡಿದರಾಯಿತು. ಇದರ ದೋಷ ನಾವು ಅನುಭವಿಸಿದ್ದೇ: ಕುಲುಕಾಟಕ್ಕೆ ಸಡಿಲವಾಗುತ್ತದೆ. ಮೊಬೈಲ್ ಚಾರ್ಜ್ ಮಾಡಲು ಯಾರಾದರೂ ಕಿತ್ತು, ಮರಳಿ ಹಾಕಲು ಮರೆಯುವುದೂ ಉಂಟು. ತೀರ ಅಗ್ಗದ ಪ್ಲಗ್ಗುಗಳು ರೇಡಿಯೋದಲ್ಲಿ ಕೊರಕೊರ ಸದ್ದು ಎಬ್ಬಿಸುತ್ತವೆ. ಕ್ಯಾಮೆರಾದ ಜೊತೆಗೆ ಬಂದ ಪ್ಲಗ್ಗನ್ನೇ ಬಳಸುವುದು ಲೇಸು.

2. ಕಾರಿನ ಯುಎಸ್‌ಬಿ ಕಿಂಡಿ: ಇದು ಮುಖ್ಯವಾಗಿ ಹಾಡು ಕೇಳಲು, ಫೋನು ಜೋಡಿಸಲು ಇಟ್ಟ ಕಿಂಡಿ. ಹಳೆಯ ವಾಹನಗಳಲ್ಲಿ ಇದು ಅರ್ಧ ಆಂಪೇರ್ ಮಾತ್ರ ಕೊಡುತ್ತದೆ. ಕ್ಯಾಮೆರಾ 5 ವೋಲ್ಟಿನಲ್ಲಿ 1 ಆಂಪೇರಿನವರೆಗೂ ಕೇಳಬಹುದು. ಸಾಲದೇ ಹೋದಾಗ ಅದು ನಡುನಡುವೆ ಆರಿ ಹೊತ್ತುತ್ತದೆ. ಕ್ಯಾಮೆರಾದ ಪುಸ್ತಿಕೆಯಲ್ಲಿ ಎಷ್ಟು ಆಂಪೇರ್ ಬೇಕೆಂದು ಬರೆದಿರುತ್ತದೆ. ಕಿಂಡಿ ಅಷ್ಟು ಕೊಡುವುದಾದರೆ ಮಾತ್ರ ಬಳಸಬಹುದು.

3. ಓಬಿಡಿ ಸಾಕೆಟ್: ಸ್ಟಿಯರಿಂಗ್ ಕೆಳಗೆ ಮೆಕ್ಯಾನಿಕ್ಕುಗಳು ಗಣಕವನ್ನು ಜೋಡಿಸುವ ಅಗಲವಾದ ಸಾಕೆಟ್ ಈಚಿನ ವಾಹನಗಳಲ್ಲಿದೆ. ಇದರಲ್ಲಿ ಬ್ಯಾಟರಿಯ ವಿದ್ಯುತ್ತು ಸದಾ ಇರುತ್ತದೆ. ಅದಕ್ಕೆ ಹೊಂದುವ ತಂತಿ ಸಿಗುತ್ತದೆ. ಆದರೆ ಸರ್ವೀಸಿಗೆ ಬಿಡುವಾಗ ತೆಗೆಯಬೇಕು, ಮೊಣಕಾಲಿಗೂ ತಗುಲಬಹುದು. ಸದಾ ವಿದ್ಯುತ್ತು ಇರುವುದರಿಂದ ವೋಲ್ಟೇಜ್ ಇಳಿದಾಗ ತಾನೇ ಕಡಿಯುವ ವ್ಯವಸ್ಥೆ ಇಲ್ಲದ ತಂತಿಯನ್ನು ಇಲ್ಲಿ ಹಾಕತಕ್ಕದ್ದಲ್ಲ.

4. ಫ್ಯೂಸ್ ಪೆಟ್ಟಿಗೆಯಿಂದ ಸಂಪರ್ಕ: ಇದಕ್ಕೆ ಹಾರ್ಡ್‌ವೈರ್ ಕಿಟ್ ಎಂಬ ಹೆಸರಿನಲ್ಲಿ ಸಾಮಗ್ರಿ ಸಿಗುತ್ತದೆ. ಒಮ್ಮೆ ಕ್ರಮವಾಗಿ ಮಾಡಿಸಿದರೆ ಕುಲುಕಾಟಕ್ಕೆ ಅಲುಗುವುದಿಲ್ಲ, ಯಾರೂ ಕಿತ್ತುಹಾಕುವಂತಿಲ್ಲ. ನಾವು ಈಗ ಎರಡೂ ವಾಹನಗಳಿಗೆ ಮಾಡಿಸಿರುವುದು ಇದನ್ನೇ.

5. ಪ್ರತ್ಯೇಕ ಬ್ಯಾಟರಿ: ಎಂಜಿನ್ ಓಡುವಾಗ ತುಂಬಿಕೊಂಡು, ನಿಂತಾಗ ಕ್ಯಾಮೆರಾಕ್ಕೆ ಮಾತ್ರ ಕೊಡುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಿವೆ. ವಾಹನದ ಬ್ಯಾಟರಿಗೆ ಯಾವ ತೊಂದರೆಯೂ ಇಲ್ಲ. ಬೆಲೆ ಮಾತ್ರ ಹೆಚ್ಚು. ಇದರ ಬದಲು ಮೊಬೈಲಿನ ಪವರ್ ಬ್ಯಾಂಕನ್ನು ಬಿಸಿಲಿನ ಕಾರಿನಲ್ಲಿ ಇಟ್ಟು ಓಡಿಸುವುದು ಅಪಾಯಕರ. ಅದನ್ನು ಯಾರೂ ಮಾಡಬಾರದೆಂದು ವಿನಂತಿ.

ಫ್ಯೂಸ್ ಪೆಟ್ಟಿಗೆಯ ಕೆಲಸದಲ್ಲಿ ಗಮನಿಸಬೇಕಾದ್ದು

ಈ ಕೆಲಸವನ್ನು ಅನುಭವಸ್ಥ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿರಿ. ಆದರೂ ಪಕ್ಕದಲ್ಲಿ ನಿಂತು ನೋಡುವವರಿಗೆ ಏನು ಸರಿ ಏನು ತಪ್ಪು ಎಂಬುದು ಗೊತ್ತಿರಬೇಕು.

ಸಾಮಾನ್ಯವಾಗಿ ಕಿಟ್ಟಿನಲ್ಲಿ ಮೂರು ತಂತಿಗಳಿರುತ್ತವೆ. ಕಪ್ಪು ತಂತಿ ಬಾಡಿಗೆ, ಅಂದರೆ ಅರ್ತಿಗೆ. ಹಳದಿ ತಂತಿ ಸದಾ ವಿದ್ಯುತ್ತು ಇರುವ ಫ್ಯೂಸಿಗೆ. ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಫ್ಯೂಸಿಗೆ. ಕೆಂಪು ತಂತಿಯ ಮೂಲಕವೇ ವಾಹನ ಓಡುತ್ತಿದೆಯೋ ನಿಂತಿದೆಯೋ ಎಂಬುದು ಕ್ಯಾಮೆರಾಕ್ಕೆ ತಿಳಿಯುವುದು. ಬಣ್ಣಗಳು ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಾಗಬಹುದಾದ್ದರಿಂದ ಕಿಟ್ಟಿನ ಪುಸ್ತಿಕೆಯನ್ನು ಓದಿಯೇ ಮುಂದುವರಿಯಬೇಕು. ನಿಂತಾಗ ಕ್ಯಾಮೆರಾ ಓಡುವುದು ಬೇಡವೆನ್ನುವವರಿಗೆ ಎರಡೇ ತಂತಿಯ ಕಿಟ್ಟು ಸಾಕು. ಅದನ್ನು ಕೀಲಿಯೊಂದಿಗೆ ಆರುವ ಫ್ಯೂಸಿಗೆ ಸೇರಿಸಿದರೆ ಬ್ಯಾಟರಿ ಇಳಿಯುವ ಪ್ರಶ್ನೆಯೇ ಇಲ್ಲ.

ಯಾವ ಫ್ಯೂಸಿನಿಂದ ತೆಗೆಯಬೇಕು? ರೇಡಿಯೋ, ಲೈಟರ್ ಸಾಕೆಟ್, ಒಳದೀಪ ಇಂಥವುಗಳಿಂದ ತೆಗೆಯಬಹುದು. ಏರ್‌ಬ್ಯಾಗ್, ಎಬಿಎಸ್ ಬ್ರೇಕ್, ಎಂಜಿನ್ ಗಣಕ, ಸ್ಟಿಯರಿಂಗ್ ಇವುಗಳ ಫ್ಯೂಸನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಜೀವ ಉಳಿಸುವ ಭಾಗಗಳ ದಾರಿಯಲ್ಲಿ ಹೊಸ ತಂತಿ ಸೇರಿಸುವುದು ಸಲ್ಲದು.

ತಂತಿಯನ್ನು ಕತ್ತರಿಸಿ, ಸುಲಿದು, ಟೇಪು ಸುತ್ತುವ ಪದ್ಧತಿ ಬೇಡ. ವಾರಂಟಿಗೂ ಅದು ತೊಡಕು. ಫ್ಯೂಸಿನ ಜಾಗದಲ್ಲೇ ಕೂರುವ, ಎರಡು ಫ್ಯೂಸುಗಳಿಗೆ ಸ್ಥಳವಿರುವ ಕವಲು ಹೋಲ್ಡರ್ ಸಿಗುತ್ತದೆ. ಒಂದು ಮನೆಯಲ್ಲಿ ಹಳೆಯ ಫ್ಯೂಸು, ಇನ್ನೊಂದರಲ್ಲಿ ಕ್ಯಾಮೆರಾದ ಫ್ಯೂಸು. ಕ್ಯಾಮೆರಾಕ್ಕೆ 2 ಅಥವಾ 3 ಆಂಪೇರಿನದು ಸಾಕು. 2 ಆಂಪೇರಿನದು ಬೂದು ಬಣ್ಣ, 3 ಆಂಪೇರಿನದು ನೇರಳೆ. ಫ್ಯೂಸುಗಳು ಆಕಾರದಲ್ಲೂ ಬೇರೆ ಬೇರೆ ಇವೆ, ನಿಮ್ಮ ವಾಹನದ್ದನ್ನೇ ಒಂದು ಕಿತ್ತು ಅಂಗಡಿಗೆ ಒಯ್ದು ಹೊಂದಿಸಿ ತರುವುದು ಉತ್ತಮ.

ಈ ಹೋಲ್ಡರನ್ನು ತಿರುವುಮುರುವಾಗಿ ಹಾಕಿದರೂ ಕ್ಯಾಮೆರಾ ಓಡುತ್ತದೆ. ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಆಗ ಕ್ಯಾಮೆರಾದ ಹೊರೆಯೂ ಹಳೆಯ ಫ್ಯೂಸಿನ ಮೂಲಕವೇ ಹಾಯುತ್ತದೆ. ಪರೀಕ್ಷೆ ಸುಲಭ. ಹೋಲ್ಡರಿನಿಂದ ಹಳೆಯ ಫ್ಯೂಸನ್ನು ಮಾತ್ರ ತೆಗೆದು ನೋಡಿರಿ. ಕ್ಯಾಮೆರಾ ಓಡುತ್ತಲೇ ಇದ್ದರೆ ಸರಿಯಾಗಿದೆ. ಆರಿಹೋದರೆ ಹೋಲ್ಡರನ್ನು ತಿರುಗಿಸಿ ಹಾಕಬೇಕು.

ಫ್ಯೂಸು ಇರುವುದು ತಂತಿ ಕಾದು ಬೆಂಕಿಯಾಗದಿರಲಿ ಎಂದು. ಪದೇ ಪದೇ ಹೋಗುತ್ತದೆಂದು ದೊಡ್ಡ ಫ್ಯೂಸು ಹಾಕುವುದು, ಮನೆಯ ಮೀಟರ್ ಬೋರ್ಡಿನಲ್ಲಿ ಮಾಡುವಂತೆ ತಂತಿ ಸುತ್ತುವುದು ಖಂಡಿತ ಕೂಡದು. ಫ್ಯೂಸು ಹೋಯಿತೆಂದರೆ ಎಲ್ಲೋ ತಂತಿ ತಾಗುತ್ತಿದೆ ಎಂದೇ ಅರ್ಥ. ಮೊದಲು ಅದನ್ನು ಹುಡುಕಬೇಕು.

ಕಪ್ಪು ತಂತಿಯನ್ನು ಬಾಡಿಯ ಬಣ್ಣವಿಲ್ಲದ ಲೋಹದ ಬೋಲ್ಟಿಗೆ ಬಿಗಿ ಮಾಡಬೇಕು, ಬ್ಯಾಟರಿಯ ಋಣ ತುದಿಗೆ ಅಲ್ಲ. ಈಚಿನ ಅನೇಕ ವಾಹನಗಳಲ್ಲಿ ಆ ತುದಿಯಲ್ಲಿ ಬ್ಯಾಟರಿಯ ಲೆಕ್ಕ ಇಡುವ ಸಂವೇದಕ ಕೂತಿರುತ್ತದೆ. ಅದನ್ನು ತಪ್ಪಿಸಿ ಸಂಪರ್ಕ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಮುಂಗಾಜಿನ ಪಕ್ಕದ ಕಂಬದೊಳಗೆ ತಂತಿ ಇಳಿಸುವಾಗ ಅಲ್ಲಿ ಏರ್‌ಬ್ಯಾಗ್ ಇದೆಯೇ ಎಂದು ಕೇಳಿರಿ. ಇದ್ದರೆ ತಂತಿ ಅದರ ಹಿಂದುಗಡೆಯಿಂದ ಹೋಗಬೇಕು. ಮುಂದುಗಡೆ ಹಾಯ್ದ ತಂತಿ ಏರ್‌ಬ್ಯಾಗ್ ಬಿಚ್ಚುವುದಕ್ಕೆ ಅಡ್ಡಿಯಾಗುತ್ತದೆ.

ಬ್ಯಾಟರಿಯ ಲೆಕ್ಕ

ಕಾಲು ಆಂಪೇರು ಎಂದರೆ ಕಿಂಚಿತ್ತು. ಅಂಥ ಕಿಂಚಿತ್ತು ನಮ್ಮ ಕಾರನ್ನು ಹೇಗೆ ಮಲಗಿಸಿತು? ಲೆಕ್ಕ ಹಾಕಿ ನೋಡೋಣ.

ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸುಮಾರು 35 ಆಂಪೇರ್-ಅವರ್ ಸಾಮರ್ಥ್ಯದ್ದು. ಅಂದರೆ ಒಂದು ಆಂಪೇರಿನಂತೆ 35 ಗಂಟೆ. ಎಂಜಿನ್ ತಿರುಗಿಸಲು ಸ್ಟಾರ್ಟರ್ ಒಂದೆರಡು ಕ್ಷಣ 100 ಆಂಪೇರಿಗೂ ಮೇಲೆ ಎಳೆಯುವುದರಿಂದ ಅರ್ಧ ಖಾಲಿಯಾದ ಬ್ಯಾಟರಿಯನ್ನು ನಂಬುವಂತಿಲ್ಲ. ಹಾಗಾಗಿ ನಾವು ಬಳಸಬಹುದಾದ್ದು ಅರ್ಧ, ಅಂದರೆ 17.5 ಆಂಪೇರ್-ಅವರ್. ನಿಂತ ವಾಹನದ ಗಡಿಯಾರ, ಬೀಗದ ಅಲಾರಂ ಮೊದಲಾದವು ಸುಮಾರು 0.03 ಆಂಪೇರ್ ಬಳಸುತ್ತವೆ ಎಂದಿಟ್ಟುಕೊಂಡರೆ, ಕ್ಯಾಮೆರಾದ 0.25 ಸೇರಿ 0.28. 17.5ನ್ನು 0.28ರಿಂದ ಭಾಗಿಸಿದರೆ ಸುಮಾರು 62 ಗಂಟೆ. ಶುಕ್ರವಾರ ಸಂಜೆ 6ಕ್ಕೆ ನಿಲ್ಲಿಸಿದ ಕಾರು ಸೋಮವಾರ ಬೆಳಗಿನ ತಿಂಡಿಯ ಹೊತ್ತಿಗೆ ಕೈಕೊಡುವ ಸ್ಥಿತಿಗೆ ಬಂದಿರುತ್ತದೆ.

ಇದು ಹೊಸ ಬ್ಯಾಟರಿಯ ಲೆಕ್ಕ. ಮೂರು ನಾಲ್ಕು ವರ್ಷ ಹಳೆಯದಾಗಿ ಸಾಮರ್ಥ್ಯ ಶೇಕಡಾ 70ಕ್ಕೆ ಇಳಿದಿದ್ದರೆ 44 ಗಂಟೆಗಳಷ್ಟೆ. ಭಾನುವಾರ ಮಧ್ಯಾಹ್ನ 2 ಗಂಟೆಗೇ ಮುಗಿಯಿತು. ನಮ್ಮ ಕಾರು ನಾಲ್ಕು ದಿನ ನಿಂತಿತ್ತೆಂದು ಮೇಲೆ ಹೇಳಿದ್ದೇವೆ. ಅದು ಹೊತ್ತದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ದೊಡ್ಡ ಡೀಸೆಲ್ ಗಾಡಿಗಳ ಬ್ಯಾಟರಿ 60-70 ಆಂಪೇರ್-ಅವರಿನದಾದರೂ ಅವುಗಳ ಸ್ಟಾರ್ಟರ್ ಹಸಿವೂ ಅಷ್ಟೇ ದೊಡ್ಡದು. ವಿದ್ಯುತ್ ಕಾರುಗಳಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಅದು ಇಳಿದರೆ ಆ ಕಾರೂ ಏಳುವುದಿಲ್ಲ. ಪದೇ ಪದೇ ಪೂರ್ತಿ ಇಳಿಸಿದ ಸೀಸದ ಬ್ಯಾಟರಿಯ ಆಯುಸ್ಸೂ ಕಡಿಮೆಯಾಗುತ್ತದೆ. ಮನೆಯಿಂದ ಡಿಪೋವರೆಗೆ ಹೋಗಿಬರುವ ಹತ್ತು ನಿಮಿಷದ ಓಟದಲ್ಲಿ ಈ ನಷ್ಟ ತುಂಬುವುದಿಲ್ಲ.

ಇದಕ್ಕಾಗಿಯೇ ಒಳ್ಳೆಯ ಕಿಟ್ಟುಗಳಲ್ಲಿ ವೋಲ್ಟೇಜ್ ಒಂದು ಮಟ್ಟಕ್ಕೆ ಇಳಿದೊಡನೆ ಕ್ಯಾಮೆರಾವನ್ನು ಕಡಿಯುವ ಏರ್ಪಾಡು ಇರುತ್ತದೆ. ಕೆಲವು ಗಂಟೆ ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು. 11.8ಕ್ಕೆ ಬಂದರೆ ಬಹುಮಟ್ಟಿಗೆ ಖಾಲಿ. ಕಿಟ್ಟುಗಳಲ್ಲಿ 11.6, 11.8 ಎಂಬ ಮಟ್ಟಗಳನ್ನೂ ಆರಿಸಲು ಕೊಟ್ಟಿರುತ್ತಾರೆ. ಹೆಚ್ಚು ಹೊತ್ತು ಓಡುತ್ತದೆಂಬ ಆಸೆಗೆ ಅದನ್ನು ಆರಿಸಿದರೆ ಕಡಿಯುವ ವ್ಯವಸ್ಥೆ ಇದ್ದೂ ಇಲ್ಲದಂತೆ. 12.2ಕ್ಕಿಂತ ಕೆಳಗೆ ಇಡಬೇಡಿರಿ. ಹಳೆಯ ಬ್ಯಾಟರಿಗೆ 12.4 ಇಡುವುದು ಕ್ಷೇಮ.

ಜೊತೆಗೆ, ನಿಂತ ವಾಹನದಲ್ಲಿ ಸದಾ ಚಿತ್ರ ತೆಗೆಯುವ ಬದಲು ಏಟು ಬಿದ್ದಾಗ ಮಾತ್ರ ಎಚ್ಚರಗೊಳ್ಳುವ ಕ್ರಮ ಕೆಲವು ಕ್ಯಾಮೆರಾಗಳಲ್ಲಿದೆ. ಅದಕ್ಕೆ ಬಹಳ ಕಡಿಮೆ ವಿದ್ಯುತ್ತು ಸಾಕು. ಪೇಟೆಯಲ್ಲಿ ರಸ್ತೆ ಬದಿ ನಿಲ್ಲಿಸುವವರಿಗೆ ಇದು ಒಪ್ಪುತ್ತದೆ. ಸ್ವಂತ ಶೆಡ್ಡಿನಲ್ಲಿ ನಿಲ್ಲಿಸುವ ನಮ್ಮಂಥವರಿಗೆ ನಿಂತಾಗ ಕ್ಯಾಮೆರಾ ಏತಕ್ಕೆ? ಶೆಡ್ಡಿನ ಗೋಡೆಯನ್ನು ನಾಲ್ಕು ದಿನ ಚಿತ್ರೀಕರಿಸಿದ್ದೇ ನಮ್ಮ ಸಾಧನೆ.

ತಂತಿಯೂ ಪೈಪಿನಂತೆಯೇ

ಸ್ಪ್ರಿಂಕ್ಲರ್ ಹಾಕಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪೈಪು ಉದ್ದವಾಗಿ ಸಣ್ಣದಾದಷ್ಟೂ ಕೊನೆಯಲ್ಲಿ ಒತ್ತಡ ಬೀಳುತ್ತದೆ. ತಂತಿಯಲ್ಲೂ ಹಾಗೆಯೇ. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಅಷ್ಟೇನೂ ಅಲ್ಲ. 5 ವೋಲ್ಟಿನಲ್ಲಿ ಅರ್ಧ ವೋಲ್ಟ್ ಎಂದರೆ ಹತ್ತನೇ ಒಂದು ಪಾಲು. ಅಂಗಡಿಯಲ್ಲಿ ಸಿಗುವ ಅಗ್ಗದ, ಮೂರೂವರೆ ಮೀಟರಿನ ತೆಳು ಚಾರ್ಜರ್ ತಂತಿಯಲ್ಲಿ 1 ಆಂಪೇರ್ ಹರಿದರೆ ಒಂದು ವೋಲ್ಟಿಗೂ ಮೇಲೆ ಬೀಳಬಹುದು. ಕ್ಯಾಮೆರಾಕ್ಕೆ ತಲುಪುವುದು 4 ವೋಲ್ಟ್ ಮಾತ್ರ. ಆಗ ಅದು ಆರುತ್ತದೆ, ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮೊದಲು ತಂತಿ ಬದಲಾಯಿಸಿ ನೋಡಿರಿ. ಕಿಟ್ಟಿನೊಂದಿಗೆ ಬಂದ ತಂತಿಯನ್ನು ಮಧ್ಯೆ ಬೇರೆ ತಂತಿ ಸೇರಿಸಿ ಉದ್ದ ಮಾಡಬಾರದು.

ನಮ್ಮ ಸೀಮೆಯ ತೊಂದರೆಗಳು

ಮಳೆಗಾಲದಲ್ಲಿ ವಾರಗಟ್ಟಲೆ ಹೊರಡದ ವಾಹನಗಳು ನಮ್ಮಲ್ಲಿವೆ. ಜೂನ್ ತಿಂಗಳಿಗೆ ಮೊದಲೇ ಹಳದಿ ತಂತಿಯ ಫ್ಯೂಸನ್ನು ಕಿತ್ತು ಡ್ರಾಯರಿನಲ್ಲಿ ಇಡುವುದು ಒಳ್ಳೆಯ ಅಭ್ಯಾಸ. ಥಂಡಿಗೆ ಲೈಟರ್ ಸಾಕೆಟ್ಟಿನ ಒಳಗೆ ಹಸಿರು ಕಿಲುಬು ಕಟ್ಟುತ್ತದೆ; ಬಾಡಿಯ ಅರ್ತಿಂಗ್ ಬೋಲ್ಟು ತುಕ್ಕು ಹಿಡಿಯುತ್ತದೆ. ಎರಡನ್ನೂ ಮಳೆ ಮುಗಿದ ಮೇಲೆ ಒಮ್ಮೆ ಉಜ್ಜಿ ಬಿಗಿ ಮಾಡಿಸಿರಿ. ಇಲಿಯ ಕಾಟ ಹೇಳಬೇಕಾದ್ದೇ ಇಲ್ಲ. ಹಿಂದಿನ ಕ್ಯಾಮೆರಾದ ತಂತಿ ಕಡಿದಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಚಿತ್ರ ಸಾಕ್ಷಿಯಾಗಬೇಕಾದರೆ

1872ರ ಸಾಕ್ಷ್ಯ ಕಾಯಿದೆಯ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಎಂಬ ಹೊಸ ಕಾಯಿದೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ಇಂಥ ಚಿತ್ರದ ನಕಲನ್ನು ನ್ಯಾಯಾಲಯಕ್ಕೆ ಕೊಡುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದಕ್ಕೆ ವಕೀಲರ ಸಲಹೆ ಪಡೆಯಿರಿ. ಆದರೆ ಅಪಘಾತದ ಸ್ಥಳದಲ್ಲೇ ನೀವು ಮಾಡಬೇಕಾದ ಕೆಲಸ ಒಂದಿದೆ. ಗಾಯಗೊಂಡವರಿಗೆ ಸಹಾಯ ಮಾಡಿದ ಕೂಡಲೇ ಕ್ಯಾಮೆರಾದ ವಿದ್ಯುತ್ತು ನಿಲ್ಲಿಸಿ ಕಾರ್ಡನ್ನು ತೆಗೆದು ಜೋಪಾನ ಮಾಡಿರಿ. ಕಾರ್ಡು ತುಂಬಿದಂತೆ ಕ್ಯಾಮೆರಾ ಹಳೆಯ ಚಿತ್ರದ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ವಿದ್ಯುತ್ತು ಇರುವವರೆಗೂ ಅದು ನಿಲ್ಲುವುದಿಲ್ಲ.

ವಾರಕ್ಕೊಮ್ಮೆ ಎರಡು ನಿಮಿಷ

ಸಂಘದ ವಾಹನಕ್ಕೆ ಈಗ ಒಂದು ಪದ್ಧತಿ ಮಾಡಿದ್ದೇವೆ. ಪ್ರತಿ ಸೋಮವಾರ ಚಾಲಕನು ಕ್ಯಾಮೆರಾದ ಗುಂಡಿ ಒತ್ತಿ ಪರದೆ ಎಬ್ಬಿಸಿ, ಕೆಂಪು ದೀಪ ಮಿಟುಕುತ್ತಿದೆಯೇ, ತಾರೀಖು ಸಮಯ ಸರಿಯಿದೆಯೇ, ಹಿಂದಿನ ದಿನದ ಚಿತ್ರ ಇದೆಯೇ ಎಂದು ನೋಡಿ ಲಾಗ್ ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ತಿಂಗಳಿಗೊಮ್ಮೆ ನಾವೂ ನೋಡಿ ಸಹಿ ಹಾಕುತ್ತೇವೆ. ಇಂಥ ಎರಡು ನಿಮಿಷದ ಕೆಲಸವನ್ನು ಮೊದಲೇ ಮಾಡಿದ್ದರೆ ಪ್ಲಗ್ಗು ಸಡಿಲವಾದ ವಾರದಲ್ಲೇ ತಿಳಿಯುತ್ತಿತ್ತು. ಅದು ಚಾಲಕನ ಕರ್ತವ್ಯಲೋಪವಲ್ಲ. ನೋಡಬೇಕೆಂದು ನಾವು ಅವನಿಗೆ ಹೇಳಿಯೇ ಇರಲಿಲ್ಲ.

ಮೊಕದ್ದಮೆ ಇನ್ನೂ ನಡೆಯುತ್ತಿದೆ. ಆದ್ದರಿಂದ ತಪ್ಪು ಯಾರದೆಂದು ಇಲ್ಲಿ ಬರೆಯುವುದು ಸರಿಯಲ್ಲ. ಚಾಲಕನ ಮಾತನ್ನು ನಾವು ನಂಬಿದ್ದೇವೆ. ಹಲವು ವರ್ಷಗಳಿಂದ ಅವನು ಸಂಘದ ಗಾಡಿಯನ್ನು ಮೈಗೆ ಗೀರಿಲ್ಲದಂತೆ ನಡೆಸಿದವನು. ಆದರೆ ನಮ್ಮ ನಂಬಿಕೆ ಬೇರೆ, ನ್ಯಾಯಾಲಯಕ್ಕೆ ಬೇಕಾದ ಸಾಕ್ಷಿ ಬೇರೆ. ಅವನು ಪ್ರತಿ ವಾಯಿದೆಗೂ ಒಂದು ದಿನದ ಕೆಲಸ ಬಿಟ್ಟು ಹೋಗಿ ಬರುತ್ತಾನೆ. ಆ ದಿನಗಳ ಸಂಬಳವನ್ನು ಹಿಡಿಯಬಾರದೆಂದು ಆಡಳಿತ ಮಂಡಲಿ ತೀರ್ಮಾನಿಸಿದೆ.

ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ: ಬಿಲ್ಲು ಸರಿಯಾಗಿದೆ, ಕ್ಯಾಮೆರಾ ಸರಿಯಾಗಿದೆ, ಪ್ಲಗ್ಗನ್ನು ನಾವು ನೋಡಲಿಲ್ಲ. ನೀವು ನಿಮ್ಮ ವಾಹನದ್ದನ್ನು ಈ ದಿನವೇ ನೋಡಿರಿ. ಸಂಘದ ಕಛೇರಿಯಲ್ಲಿ ಒಂದು ಮಲ್ಟಿಮೀಟರ್ ತಂದಿರಿಸಿದ್ದೇವೆ. ಕಛೇರಿ ವೇಳೆಯಲ್ಲಿ ಯಾವ ಸದಸ್ಯರು ಬಂದರೂ ತಮ್ಮ ಬ್ಯಾಟರಿಯ ವೋಲ್ಟೇಜನ್ನು ಉಚಿತವಾಗಿ ನೋಡಿಕೊಳ್ಳಬಹುದು.

— ಕಾರ್ಯದರ್ಶಿ